ಸೀಸದ ಸುಳಿವು ಹಸುವಿನ ರಕ್ತದಲ್ಲಿದೆ

ಪಶುವೈದ್ಯನಾಗಿ ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಕಂಡ ಒಂದು ಹಸು ಇನ್ನೂ ನೆನಪಿದೆ. ಕಣ್ಣು ತೆರೆದೇ ಇತ್ತು, ಆದರೆ ದೃಷ್ಟಿ ಹೋಗಿತ್ತು. ಹಲ್ಲು ಕಡಿಯುತ್ತ, ಕೊಟ್ಟಿಗೆಯ ಗೋಡೆಗೆ ಹಣೆಯೊತ್ತಿ ನಿಂತಿದ್ದ ಅದು ಮರುದಿನ ಸತ್ತಿತು. ದಾಖಲೆಯಲ್ಲಿ ‘ಹುಚ್ಚುನಾಯಿ ರೋಗದ ಶಂಕೆ’ ಎಂದು ಬರೆದು, ಆಳವಾಗಿ ಹೂಳುವಂತೆ ಹೇಳಿ ಬಂದೆ. ಹಿತ್ತಲಲ್ಲಿ ಒಡೆದು ಬಿದ್ದಿದ್ದ ಟ್ರ್ಯಾಕ್ಟರ್ ಬ್ಯಾಟರಿಯನ್ನು ಅಂದೇ ನೋಡಿದ್ದೆ. ದನಗಳು ಬ್ಯಾಟರಿಯೊಳಗಿನ ಸೀಸದ ಫಲಕಗಳನ್ನು ನೆಕ್ಕುತ್ತವೆ, ನೆಕ್ಕಿದರೆ ಇವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ ಎಂದು ಓದಿಯೂ ಇದ್ದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಒಂದು ನಳಿಕೆ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದ್ದರೆ ಉತ್ತರ ಸಿಗುತ್ತಿತ್ತು.

ಇದು ಒಂದು ಹಸುವಿನ ಪ್ರಶ್ನೆಯಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ಹಸು ಮೇಯುವ ನೆಲದಲ್ಲೇ ಮಕ್ಕಳು ಆಡುತ್ತಾರೆ. ಪ್ರಾಣಿಯ ಮೈ ಸೇರಿದ ವಿಷ ಆಗಲೇ ಮನುಷ್ಯನ ಹೊಸ್ತಿಲಿಗೆ ಬಂದಿರುತ್ತದೆ.

ಪಶ್ಚಿಮ ಆಸ್ಟ್ರೇಲಿಯದ ಎಸ್ಪೆರೆನ್ಸ್ ಎಂಬ ಬಂದರು ಪಟ್ಟಣದಲ್ಲಿ 2006ರ ಕೊನೆಯಿಂದ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು ಬೀಳತೊಡಗಿದವು. ಅವುಗಳಲ್ಲಿ ಹೂವಿನ ಮಕರಂದ ಹೀರುವ ಹಕ್ಕಿಗಳು ಬಹಳವಿದ್ದವು. ಪರೀಕ್ಷಿಸಿದಾಗ ಅವುಗಳ ದೇಹದಲ್ಲಿ ಸೀಸ ಸಿಕ್ಕಿತು. ಗಣಿಯಿಂದ ಬಂದ ಸೀಸದ ಕಾರ್ಬೊನೇಟ್ ಪುಡಿಯನ್ನು 2005ರಿಂದ ಆ ಬಂದರಿನಲ್ಲಿ ಹಡಗಿಗೆ ತುಂಬಲಾಗುತ್ತಿತ್ತು. ಗಾಳಿಯಲ್ಲಿ ಹಾರಿದ ದೂಳು ಊರಿನ ಮೇಲೆ ಕುಳಿತಿತ್ತು. ಅಲ್ಲಿನ ಜನ ಮನೆಯ ಛಾವಣಿಯ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದು ಕುಡಿಯುವವರು. ಹಕ್ಕಿಗಳ ಸಾವಿನ ಕಾರಣ ತಿಳಿದ ಬಳಿಕವೇ ತೊಟ್ಟಿಗಳ ನೀರನ್ನೂ ಮಕ್ಕಳ ರಕ್ತವನ್ನೂ ಪರೀಕ್ಷಿಸಿದ್ದು, ಎರಡರಲ್ಲೂ ಸೀಸ ಪತ್ತೆಯಾಗಿದ್ದು. 2007ರ ಮಾರ್ಚ್‌ನಲ್ಲಿ ಸಾಗಣೆ ನಿಂತಿತು. ಹಕ್ಕಿಗಳು ಹಾಗೆ ಒಟ್ಟಾಗಿ ಸತ್ತಿರದಿದ್ದರೆ ಇನ್ನೆಷ್ಟು ಕಾಲ ಆ ನೀರನ್ನು ಕುಡಿಯುತ್ತಿದ್ದರೋ!

ಹಾಗೆಂದು ಪ್ರಾಣಿಗಳು ಸಾಯುವವರೆಗೆ ಕಾಯಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಸಂಖ್ಯೆ 1982ರಲ್ಲಿ 22ಕ್ಕೆ ಇಳಿದಿತ್ತು. ಉಳಿದವನ್ನು ಹಿಡಿದು, ಸಂತಾನ ಬೆಳೆಸಿ, 1992ರಿಂದ ಮರಳಿ ಕಾಡಿಗೆ ಬಿಡಲಾಯಿತು. ಬಿಟ್ಟ ಹಕ್ಕಿಗಳನ್ನು ಮತ್ತೆ ಮತ್ತೆ ಹಿಡಿದು ರಕ್ತ ಪರೀಕ್ಷಿಸುತ್ತಾರೆ. ಬೇಟೆಗಾರರ ಗುಂಡಿನ ಸೀಸದ ಚೂರುಗಳು ಸತ್ತ ಪ್ರಾಣಿಗಳ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರುತ್ತವೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕ್ಯಾಲಿಫೋರ್ನಿಯಾದಲ್ಲಿ ಸ್ವತಂತ್ರವಾಗಿ ಹಾರಾಡುತ್ತಿದ್ದ ಕಾಂಡೋರ್‌ಗಳಲ್ಲಿ ಪ್ರತಿವರ್ಷ ಸುಮಾರು ಶೇ 20ರಷ್ಟರ ರಕ್ತದಲ್ಲಿ ಚಿಕಿತ್ಸೆ ಬೇಕಾಗುವಷ್ಟು ಸೀಸವಿತ್ತು. ಇಂಥ ಅಂಕಿಗಳ ಬಲದಿಂದಲೇ ಆ ರಾಜ್ಯದಲ್ಲಿ 2013ರಲ್ಲಿ ಕಾನೂನು ಬಂತು. 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡು ಸಂಪೂರ್ಣ ನಿಷಿದ್ಧವಾಯಿತು.

ನಮ್ಮಲ್ಲಿ ಬೇಟೆಯೇ ನಿಷಿದ್ಧ. ನಮ್ಮ ಸೀಸ ಮುಖ್ಯವಾಗಿ ಬರುವುದು ಬ್ಯಾಟರಿಯಿಂದ. ಅದರಲ್ಲಿ ಈ ಪತ್ರಿಕೆಯನ್ನು ಓದುವ ನಮ್ಮೆಲ್ಲರ ಮನೆಯ ಯುಪಿಎಸ್‌ನ ಪಾಲೂ ಇದೆ. ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ಕ್ರಮಬದ್ಧವಾಗಿ ಸಂಸ್ಕರಿಸಬೇಕೆಂಬ ನಿಯಮ 2001ರಲ್ಲಿ ಬಂತು, 2022ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ ಗುಜರಿಗೆ ಹೋದ ಬ್ಯಾಟರಿಯನ್ನು ಊರಾಚೆ ಒಡೆದು, ಆಮ್ಲವನ್ನು ನೆಲಕ್ಕೆ ಸುರಿದು, ಬಯಲಲ್ಲೇ ಸೀಸ ಕರಗಿಸುವ ಕೆಲಸ ದೇಶದಲ್ಲಿ ನಿಂತಿಲ್ಲ. ಆ ಹೊಗೆ ಸುತ್ತಲಿನ ಹುಲ್ಲಿನ ಮೇಲೆ ಇಳಿಯುತ್ತದೆ.

ಹಾಲನ್ನೇ ಪರೀಕ್ಷಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಸಂಘದಲ್ಲಿ ಹತ್ತಾರು ಮನೆಗಳ ಹಾಲು, ಟ್ಯಾಂಕರಿನಲ್ಲಿ ಹತ್ತಾರು ಊರುಗಳ ಹಾಲು ಬೆರೆಯುತ್ತದೆ. ಒಂದು ಕೊಟ್ಟಿಗೆಯ ಸೀಸ ಅಷ್ಟರಲ್ಲಿ ತೆಳುವಾಗಿ ಕಾಣದಂತಾಗುತ್ತದೆ. ನಗರದ ಗ್ರಾಹಕನಿಗೆ ಇದು ಸಮಾಧಾನ ತರಬಹುದು. ಆ ಮನೆಯ ಮಗು ಕುಡಿಯುವುದು ಮಾತ್ರ ಏನೂ ಬೆರೆಯದ, ಅದೇ ಹಸುವಿನ ಹಾಲನ್ನು. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೈಗಾರಿಕಾ ಪ್ರದೇಶಗಳ ಸುತ್ತಲಿನ ಹಸುಗಳ ರಕ್ತವನ್ನೂ ಹಾಲನ್ನೂ ಪರೀಕ್ಷಿಸಿ 2005ರಲ್ಲೇ ಫಲಿತಾಂಶ ಪ್ರಕಟಿಸಿದ್ದಾರೆ. ಸೀಸ–ಸತು ಕರಗಿಸುವ ಕಾರ್ಖಾನೆಯ ಬಳಿಯ ಹಸುಗಳ ರಕ್ತದಲ್ಲೇ ಸೀಸ ಅತಿಹೆಚ್ಚು; ರಕ್ತದಲ್ಲಿ ಅದು ಏರಿದಲ್ಲಿ ಹಾಲಿಗೂ ಇಳಿದಿತ್ತು. ಹಾಲಿನಲ್ಲಿ ಸೀಸಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕ ಹಾಕಿರುವ ಮಿತಿ ಕಿಲೋಗೆ ಕೇವಲ 0.02 ಮಿಲಿಗ್ರಾಂ.

ನನ್ನ ಸಲಹೆಗೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಕಂದುರೋಗ, ಕಾಲುಬಾಯಿ ಜ್ವರಗಳ ಸಮೀಕ್ಷೆಗೆಂದು ದನಗಳ ರಕ್ತವನ್ನು ಈಗಲೂ ತೆಗೆಯುತ್ತಾರೆ; ಇಂಥ ಸಮೀಕ್ಷೆ ನಡೆಸುವ ರಾಷ್ಟ್ರೀಯ ಸಂಸ್ಥೆ ಯಲಹಂಕದಲ್ಲೇ ಇದೆ. ಸೂಜಿ ಚುಚ್ಚಿದಾಗಲೇ ಇನ್ನೊಂದು ನಳಿಕೆ ತುಂಬಿಸಿಕೊಂಡರಾಯಿತು. ಅದು ಬೇರೆಯದೇ ಆಗಿರಬೇಕು ಎನ್ನುವುದು ಮುಖ್ಯ. ಆ ರೋಗಗಳಿಗೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಂ ಸಾಕು. ಸೀಸವೋ ಬಹುಪಾಲು ಕೆಂಪು ರಕ್ತಕಣಗಳಿಗೆ ಅಂಟಿಕೊಂಡಿರುತ್ತದೆ. ಹೆಪ್ಪುಗಟ್ಟದಂತೆ ಕಾಯ್ದ ಪೂರ್ಣ ರಕ್ತವೇ ಇದಕ್ಕೆ ಬೇಕು. ಬ್ಯಾಟರಿ ಒಡೆಯುವ ಜಾಗಗಳ, ಕಸದ ರಾಶಿಗಳ ಆಸುಪಾಸಿನ ಊರುಗಳಿಂದ ಆರಂಭಿಸಬಹುದು. ನಗರದೊಳಗಾದರೆ ಮಾಂಜಾ ದಾರಕ್ಕೆ ಸಿಕ್ಕಿ ಗಾಯಗೊಂಡು ಚಿಕಿತ್ಸೆಗೆ ಬರುವ ಹದ್ದುಗಳಿವೆ. ಕಸದ ಮೇಲೆ ಬದುಕುವ ಅವುಗಳ ಕೆಲವೇ ಹನಿ ರಕ್ತ ಬೆಂಗಳೂರಿನ ಬಗ್ಗೆ ಎಷ್ಟೋ ಹೇಳೀತು.

ರಕ್ತದ ಅಂಕಿಗಳು ಸರ್ಕಾರವನ್ನು ಕದಲಿಸಿದ ನಿದರ್ಶನ ನಮ್ಮಲ್ಲೂ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮೊದಲಾದವರು 1990ರ ದಶಕದಲ್ಲಿ ನಗರಗಳ ಸಾವಿರಾರು ಮಕ್ಕಳ ರಕ್ತ ಪರೀಕ್ಷಿಸಿದರು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು.

ತೊಡಕಿರುವುದು ಬೇರೆಡೆ. ಹಸುವಿನಲ್ಲಿ ಸೀಸ ಸಿಕ್ಕಿತೆಂದರೆ ಹಾಲು ಮಾರುವಂತಿಲ್ಲ. ಮೂಳೆಯಲ್ಲಿ ಕುಳಿತ ಸೀಸ ರಕ್ತಕ್ಕೆ ಒಸರುತ್ತಲೇ ಇರುವುದರಿಂದ ತಿಂಗಳುಗಟ್ಟಲೆ ಕಾಯಬೇಕು. ಮಾಡದ ತಪ್ಪಿಗೆ ರೈತನೇಕೆ ದಂಡ ತೆರಬೇಕು? ಪರಿಹಾರದ ಭರವಸೆಯಿಲ್ಲದೆ ಯಾವ ರೈತನೂ ತನ್ನ ಹಸುವಿನ ಕುತ್ತಿಗೆಯನ್ನು ಸೂಜಿಗೆ ಒಡ್ಡಲಾರ, ನಾನಾಗಿದ್ದರೂ ಒಡ್ಡುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಯ ಆದೇಶ ಹೊರಡುವ ದಿನವೇ ನಿಂತ ಹಾಲಿಗೆ ಹಣ ಕೊಡುವ ಆದೇಶವೂ ಹೊರಡಬೇಕು, ಆ ಹಣವನ್ನು ಬ್ಯಾಟರಿ ಕರಗಿಸಿದವನಿಂದ ವಸೂಲಿ ಮಾಡಬೇಕು. ಪಶುಸಂಗೋಪನೆ, ಆರೋಗ್ಯ, ಮಾಲಿನ್ಯ ನಿಯಂತ್ರಣ ಮೂರೂ ಕಡೆಯವರು ಒಂದೇ ಮೇಜಿಗೆ ಬಂದು ಕೂರದೆ ಇದು ಆಗುವ ಕೆಲಸವಲ್ಲ. ನನ್ನ ಸೇವಾವಧಿಯಲ್ಲಿ ಅವರು ಹಾಗೆ ಕೂತದ್ದನ್ನು ನಾನು ಕಂಡಿಲ್ಲ.