ಕಟ್ಟುವ ಆಟಕ್ಕೆ ಬೈಯುವ ಮೊದಲು

ಬಾಹ್ಯಾಕಾಶದ ಗೇಮ್ ಅಂದರೆ ಬರೀ ಗುಂಡು ಹಾರಿಸುವುದು ಎಂದೇ ನಮ್ಮ ಹಿರಿಯರ ಎಣಿಕೆ. 2019ರಲ್ಲಿ ಪೂರ್ಣರೂಪದಲ್ಲಿ ಬಂದ ‘ಸ್ಪೇಸ್ ಎಂಜಿನಿಯರ್ಸ್’ ನೋಡಿ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಅದಿರು ಅಗೆದು ತರಬೇಕು, ರಿಫೈನರಿಗೆ ಹಾಕಬೇಕು, ಸ್ಟೀಲ್ ಪ್ಲೇಟ್ ಮಾಡಿ ಒಂದೊಂದೇ ಬ್ಲಾಕ್ ವೆಲ್ಡ್ ಮಾಡಿ ಹಡಗು ಕಟ್ಟಬೇಕು. ಕೂಲಿ ಕೆಲಸವೇ. ಆದರೆ ಇಲ್ಲಿ ಲೆಕ್ಕಕ್ಕೆ ಬೆಲೆಯಿದೆ. ಗ್ರಹದ ಮೇಲೆ ಖಾಲಿ ಇದ್ದಾಗ ಸಲೀಸಾಗಿ ಎದ್ದ ಹಡಗು, ಅದಿರು ತುಂಬಿದ ಮೇಲೆ ನೆಲ ಬಿಟ್ಟು ಏಳದೇ ಹೋಗಬಹುದು. ಮುಂದಕ್ಕೆ ತಳ್ಳುವ ಥ್ರಸ್ಟರ್ ಮಾತ್ರ ಇಟ್ಟು ಹಿಂದಕ್ಕೆ ತಳ್ಳುವುದನ್ನು ಮರೆತರೆ ಬಾಹ್ಯಾಕಾಶದಲ್ಲಿ ನಿಲ್ಲುವುದೂ ಇಲ್ಲ. ಬಾಪನ ಅಂಗಡಿಯಲ್ಲಿ ಗೋಣಿ ತೂಗಿ ಬೆಳೆದವನಿಗೆ ಈ ರುಚಿ ಬೇಗ ಹತ್ತುತ್ತದೆ.

ಡಿಪ್ಲೊಮಾ ಮಾಡಿ ಗಲ್ಫಿಗೆ ಹೋದ ನಮ್ಮ ಹುಡುಗರಲ್ಲಿ ಹೆಚ್ಚಿನವರು ಯಾರೋ ಮಾಡಿದ ಮೆಷಿನ್ನಿಗೆ ಗ್ರೀಸ್ ಹಾಕುತ್ತಾರೆ, ಬೇರಿಂಗ್ ಬದಲಿಸುತ್ತಾರೆ. ಕಲಿತ ಡಿಸೈನ್ ಕೈಗೆ ಬರುವುದೇ ಇಲ್ಲ. ರಾತ್ರಿ ರೂಮಿನಲ್ಲಿ ಅವರು ಹಡಗು ಕಟ್ಟಿದರೆ ‘ಟೈಮ್ ವೇಸ್ಟ್’ ಎನ್ನುವವರು, ಹಗಲು ಅವರಿಗೆ ಒಂದು ಡ್ರಾಯಿಂಗ್ ಬಿಡಿಸುವ ಕೆಲಸ ಯಾರು ಕೊಟ್ಟಿದ್ದಾರೆ ಎಂದು ಹೇಳಲಿ. ಸುಬಹಿ ನಮಾಝಿಗೆ ಏಳಲಾಗದಷ್ಟು ಆಡಿದರೆ ಬೈಯಿರಿ, ಅದಕ್ಕೆ ನನ್ನ ತಕರಾರಿಲ್ಲ.