ಹೊಲಿಗೆಯ ಪುಟ: ದೀಪ ಬೆಳಗುವ ಉಡುಪು

ಉಡುಪಿನಲ್ಲಿಯೇ ದೀಪಗಳನ್ನಿಟ್ಟು ಹೊಲಿಯುವ ಪದ್ಧತಿಯು ಈಚಿನದೆಂದು ಅನೇಕರ ಭಾವನೆ. ವಾಸ್ತವವಾಗಿ ಇದಕ್ಕೆ ನೂರನಲವತ್ತು ವರ್ಷಗಳಿಗೆ ಮೀರಿದ ಚರಿತ್ರೆಯುಂಟು. 1882ನೆಯ ಇಸವಿ ನವೆಂಬರಿನಲ್ಲಿ ಲಂಡನ್ನಿನ ಸೆವಾಯ್ ನಾಟಕಶಾಲೆಯಲ್ಲಿ ‘ಅಯೊಲಾಂತೆ’ ಎಂಬ ಗೀತನಾಟಕವನ್ನು ಮೊದಲು ಆಡಿದಾಗ, ಯಕ್ಷಿಣಿಯರ ವೇಷದ ನಟಿಯರು ಮುಡಿಯಲ್ಲಿ ಪುಟ್ಟ ವಿದ್ಯುದ್ದೀಪಗಳನ್ನು ಧರಿಸಿ ರಂಗಕ್ಕೆ ಬಂದರು. ಮರುವರ್ಷ ಮಾರ್ಚಿ 26ರಂದು ನ್ಯೂಯಾರ್ಕಿನಲ್ಲಿ ನಡೆದ ವೇಷಧಾರಣೆಯ ಕೂಟಕ್ಕೆ ಆಲಿಸ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ ಮಹಿಳೆಯು ‘ವಿದ್ಯುದ್ದೀಪ’ದ ವೇಷದಲ್ಲಿಯೇ ಬಂದಳು. ಪ್ಯಾರಿಸ್ಸಿನ ವರ್ತ್ ಎಂಬ ಉಡುಪುಗಾರನಲ್ಲಿ ಸಿದ್ಧವಾದ ಆ ನಿಲುವಂಗಿಯು ಇಂದಿಗೂ ನ್ಯೂಯಾರ್ಕಿನ ವಸ್ತುಸಂಗ್ರಹಾಲಯವೊಂದರಲ್ಲಿದೆ.

ಅಂದು ಸಿರಿವಂತರಿಗೂ ನಟಿಯರಿಗೂ ಮಾತ್ರ ಸಾಧ್ಯವಾಗಿದ್ದುದು ಇಂದು ಸಾಮಾನ್ಯ ಗೃಹಸ್ಥರಿಗೂ ಎಟಕುವಂತಾಗಿದೆ. ಹಳೆಯ ಬಲ್ಬು ಬೇಗ ಕಾಯುತ್ತಿತ್ತು, ಒಡೆಯುತ್ತಿತ್ತು. ಇಂದಿನ ಎಲ್‌ಇಡಿ ದೀಪವು ಸಾಸಿವೆಯಷ್ಟು ಗಾತ್ರದ್ದಾದರೂ ಅತ್ಯಲ್ಪ ವಿದ್ಯುತ್ತಿನಿಂದ ಬೆಳಗುತ್ತದೆ. 2007ರಲ್ಲಿ ಅಮೆರಿಕದ ಲೀಯಾ ಬ್ಯೂಕ್ಲಿ ಎಂಬಾಕೆಯು ರೂಪಿಸಿದ ‘ಲಿಲಿಪ್ಯಾಡ್’ ಎಂಬ ಸಾಮಗ್ರಿಯು ಮಾರಾಟಕ್ಕೆ ಬಂದಮೇಲೆ, ಸೂಜಿ ದಾರಗಳಿಂದಲೇ ಹೊಲಿಯಬಹುದಾದ ದೀಪಗಳು ಬಳಕೆಗೆ ಬಂದುವು. ಶಾಲೆಯ ನಾಟಕಕ್ಕೆ ನಕ್ಷತ್ರದ ವೇಷ ಬೇಕೆಂದು ಮಕ್ಕಳು ಹಟ ಹಿಡಿದಾಗ ತಾಯಂದಿರು ಈ ವಿದ್ಯೆಯನ್ನು ಧೈರ್ಯವಾಗಿ ಪ್ರಯೋಗಿಸಬಹುದು.

ಬೇಕಾಗುವ ಸಾಮಗ್ರಿಗಳಿವು: ಹೊಲಿಯುವುದಕ್ಕೆಂದೇ ಎರಡು ತೂತುಗಳನ್ನಿಟ್ಟು ಮಾಡಿದ ಒಂದೇ ಬಣ್ಣದ ನಾಲ್ಕೈದು ದೀಪಗಳು, ವಿದ್ಯುತ್ತು ಹರಿಯುವ ದಾರ, ಎಂದರೆ ತುಕ್ಕು ಹಿಡಿಯದ ಉಕ್ಕಿನ ಎಳೆ ಅಥವಾ ಬೆಳ್ಳಿಯ ಲೇಪವುಳ್ಳ ನೈಲಾನು, ದೊಡ್ಡ ಕಣ್ಣಿನ ಸೂಜಿ, ಸ್ವಿಚ್ಚೂ ತಿರುಪಿನಿಂದ ಬಿಗಿಯುವ ಮುಚ್ಚಳವೂ ಉಳ್ಳ ಗೂಡು, ಅದರಲ್ಲಿ ಕೂರುವ ಮೂರು ವೋಲ್ಟಿನ ಗುಂಡಿಯಾಕಾರದ ಬ್ಯಾಟರಿ, ಮತ್ತು ದಪ್ಪನೆಯ ಹತ್ತಿಬಟ್ಟೆ.

ಮೊದಲು ಕಾಗದದ ಮೇಲೆ ನಕ್ಷೆಯನ್ನು ಬರೆಯತಕ್ಕದ್ದು. ಏಣಿಯೊಂದನ್ನು ನೆನೆಯಿರಿ. ಅದರ ಎರಡು ನಿಲುಗಂಬಗಳಂತೆ ಎರಡು ದಾರದ ಸಾಲುಗಳು, ಮೆಟ್ಟಿಲುಗಳಂತೆ ನಡುವೆ ದೀಪಗಳು. ಒಂದು ಸಾಲು ಬ್ಯಾಟರಿಯ ಧನ ತುದಿಗೆ, ಮತ್ತೊಂದು ಋಣ ತುದಿಗೆ. ಪ್ರತಿಯೊಂದು ದೀಪದ ಧನದ ತೂತು ಧನದ ಸಾಲಿಗೇ ಸೇರಬೇಕು. ತಿರುಗುಮುರುಗಾದರೆ ಆ ದೀಪವು ಹತ್ತದು. ದೀಪಗಳನ್ನು ಹೂಮಾಲೆಯಂತೆ ಒಂದರ ಹಿಂದೊಂದು ಪೋಣಿಸಕೂಡದು. ಕೆಂಪು ದೀಪಕ್ಕೆ ಸುಮಾರು ಎರಡು ವೋಲ್ಟು, ಬಿಳಿಯ ದೀಪಕ್ಕೆ ಸುಮಾರು ಮೂರು ವೋಲ್ಟು ಬೇಕಾಗಿರುವುದರಿಂದ, ಹಾಗೆ ಪೋಣಿಸಿದ ಎರಡು ದೀಪಗಳಿಗೆ ಒಂದು ಬ್ಯಾಟರಿಯ ಬಲ ಸಾಲದು. ಕೆಂಪನ್ನೂ ಬಿಳಿಯನ್ನೂ ಅಕ್ಕಪಕ್ಕದಲ್ಲಿ ಬೆರಸಿದರೂ ಕೆಂಪೇ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಬಿಳಿಯದು ಮಂಕಾಗುವುದು.

ಇನ್ನು ಹೊಲಿಗೆ. ಕಸೂತಿಯನ್ನು ಬಲ್ಲ ನಮ್ಮ ಧಾರವಾಡ ಸೀಮೆಯ ಸ್ತ್ರೀಯರಿಗೆ ಈ ಕೆಲಸವು ಸುಲಭವೇ ಸರಿ. ಗವಂತಿಯಲ್ಲಿ ಸೂಜಿಯು ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆಯಾಗಿ ಮುಂದೆ ಹೋಗಿ, ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಬರುತ್ತದಷ್ಟೆ? ಇಲ್ಲಿಯೂ ಹಾಗೆಯೇ ಹೊಲಿದರೆ ಹಾದಿಯುದ್ದಕ್ಕೂ ಎರಡೆಳೆ ಬಿದ್ದು, ವಿದ್ಯುತ್ತಿಗೆ ಒದಗುವ ತಡೆಯು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ದೂರದ ದೀಪವೂ ಚೆನ್ನಾಗಿ ಬೆಳಗುತ್ತದೆ. ಗೋಪುರದ ಕಳಶ, ತೇರಿನ ತುದಿ, ತುಳಸಿಕಟ್ಟೆಯ ಹಣತೆ ಇವೆಲ್ಲ ದೀಪವಿಡುವುದಕ್ಕೆ ತಕ್ಕ ಎಡೆಗಳೇ. ಆದರೆ ಕಸೂತಿಗೆ ಗಂಟು ನಿಷಿದ್ಧ; ಇಲ್ಲಿ ಗಂಟು ಅವಶ್ಯಕ. ದೀಪದ ತೂತಿನಲ್ಲಿ ದಾರವನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಎಳೆದು ಗಂಟುಹಾಕಿ, ಉಗುರುಬಣ್ಣದ ಒಂದು ತೊಟ್ಟನ್ನು ಗಂಟಿನ ಮೇಲೆ ಬಿಡಬೇಕು. ಉಳಿದ ತುದಿಯನ್ನು ಗಿಡ್ಡವಾಗಿ ಕತ್ತರಿಸಬೇಕು. ಧನ ಋಣಗಳ ಸಾಲುಗಳು ಎಲ್ಲಿಯೂ ಮುಟ್ಟದಂತೆ ಒಂದು ಬೆರಳಿನಷ್ಟಾದರೂ ಅಂತರವಿರಲಿ. ಅವು ಮುಟ್ಟಿದಲ್ಲಿ ದೀಪಗಳು ಆರುವುವು, ಬ್ಯಾಟರಿಯು ಕಾಯುವುದು. ಹೊಲಿದ ಭಾಗಕ್ಕೆ ಒಳಗಡೆ ತೆಳು ಅಸ್ತರಿಯನ್ನು ಹಾಕಿದರೆ ಬೆವರಿನಿಂದಲೂ ಉಜ್ಜಾಟದಿಂದಲೂ ರಕ್ಷಣೆ ದೊರೆಯುತ್ತದೆ.

ದೀಪದ ಕೆಲಸವನ್ನೆಲ್ಲ ಪ್ರತ್ಯೇಕವಾದ ಬಟ್ಟೆಯ ತುಂಡಿನ ಮೇಲೆ ಮಾಡಿ, ಅದನ್ನು ಟಿಚ್ ಬಟನ್ನುಗಳಿಂದ ಉಡುಪಿಗೆ ಸೇರಿಸುವುದು ಮಿತವ್ಯಯದ ಮಾರ್ಗ. ಉಡುಪನ್ನು ಒಗೆಯುವಾಗ ತುಂಡನ್ನು ಬಿಚ್ಚಿಡಬಹುದು. ಮಗುವು ಬೆಳೆದರೆ ಮತ್ತೊಂದು ಉಡುಪಿಗೆ ಹಚ್ಚಬಹುದು. ತುಂಡನ್ನೇ ಒಗೆಯಬೇಕಾದರೆ ಬ್ಯಾಟರಿಯನ್ನು ತೆಗೆದು, ತಣ್ಣೀರಿನಲ್ಲಿ ಕೈಯಿಂದ ಮೆಲ್ಲಗೆ ಒಗೆದು, ಹಿಂಡದೆ ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸತಕ್ಕದ್ದು.

ಇಷ್ಟನ್ನು ಹೇಳಿದಮೇಲೆ ಎಲ್ಲಕ್ಕಿಂತ ಮುಖ್ಯವಾದುದನ್ನು ಹೇಳಬೇಕಾಗಿದೆ. 2032 ಎಂಬ ಅಂಕೆಯುಳ್ಳ ಗುಂಡಿ ಬ್ಯಾಟರಿಯ ಅಗಲ 20 ಮಿಲಿಮೀಟರು. ನೋಡುವುದಕ್ಕೆ ನಾಣ್ಯದಂತೆಯೇ ಇರುವುದು. ಸಣ್ಣ ಮಗುವು ಇದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಅಲ್ಲಿಯ ಒದ್ದೆಯಲ್ಲಿ ವಿದ್ಯುತ್ತು ಹರಿದು ಕ್ಷಾರವುಂಟಾಗಿ, ಎರಡೇ ಗಂಟೆಗಳೊಳಗೆ ನಾಳವು ಆಳವಾಗಿ ಸುಡಬಹುದು, ಪ್ರಾಣಹಾನಿಯೂ ಆಗಿರುವುದುಂಟು. ದೀಪ ಹತ್ತಿಸಲಾರದಷ್ಟು ನಿಶ್ಶಕ್ತವಾದ ಬ್ಯಾಟರಿಯೂ ಈ ಕೇಡನ್ನು ಮಾಡಬಲ್ಲದು. ಆದುದರಿಂದ ತಿರುಪಿನ ಮುಚ್ಚಳವಿಲ್ಲದ ಗೂಡನ್ನು ಮಕ್ಕಳ ಉಡುಪಿನಲ್ಲಿ ಎಂದಿಗೂ ಇಡಬಾರದು. ಇನ್ನೂ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಶಿಶುವಿಗೆ ಇಂತಹ ಉಡುಪೇ ಬೇಡ. ತೆಗೆದ ಬ್ಯಾಟರಿಯನ್ನು ಕಿಟಕಿಯ ದಂಡೆಯ ಮೇಲೆ ಬಿಡದೆ, ಅಂಟುಪಟ್ಟಿಯನ್ನು ಸುತ್ತಿ ಮಕ್ಕಳಿಗೆ ಎಟಕದ ಕಡೆ ಇಡಿರಿ. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ನೋವು ಕಾಣಿಸುವವರೆಗೆ ಕಾಯಬೇಡಿರಿ, ವಾಂತಿ ಮಾಡಿಸಬೇಡಿರಿ. ಕ್ಷ-ಕಿರಣದ ಸೌಕರ್ಯವಿರುವ ಆಸ್ಪತ್ರೆಗೆ ಕೂಡಲೆ ಕರೆದೊಯ್ಯಿರಿ.

ಮತ್ತೆರಡು ಮಾತು. ದೀಪಾವಳಿಗೆ ಗೋಡೆಯ ಮೇಲೆ ಹಾಕುವ ಸೀರಿಯಲ್ ಸೆಟ್ಟನ್ನು ಉಡುಪಿಗೆ ಹೊಲಿಯುವ ಯೋಚನೆಯನ್ನೇ ಮಾಡಬಾರದು. ಮನೆಯ ವಿದ್ಯುತ್ತು 230 ವೋಲ್ಟಿನದು, ಮೈಗೆ ತಗುಲಿದರೆ ಕೊಲ್ಲಬಲ್ಲದು. ನೈಲಾನಿನ ಜಾಲರಿಯ ಉಡುಪು ಬೆಂಕಿಗೆ ಬಹು ಬೇಗ ತುತ್ತಾಗುವುದರಿಂದ, ಅದನ್ನು ಧರಿಸಿದ ಮಗುವು ಪಟಾಕಿ, ಹಣತೆಗಳ ಬಳಿ ಸುಳಿಯದಿರಲಿ.

ಇವಿಷ್ಟು ಎಚ್ಚರಿಕೆಗಳನ್ನು ಪಾಲಿಸುವವರಿಗೆ ಈ ಕೆಲಸವು ಎರಡು ದಿನಗಳ ಮಧ್ಯಾಹ್ನದ ಬಿಡುವಿನಲ್ಲಿ ಮುಗಿಯತಕ್ಕದ್ದು. ಹತ್ತು ಹನ್ನೆರಡು ವಯಸ್ಸಿನ ಮಕ್ಕಳನ್ನು, ಹುಡುಗರನ್ನೂ ಸೇರಿಸಿಕೊಂಡು, ಜೊತೆಯಲ್ಲಿ ಕೂರಿಸಿಕೊಂಡರೆ, ಪಾಠಪುಸ್ತಕದಲ್ಲಿ ಗೆರೆಗಳಾಗಿ ಮಾತ್ರ ಕಂಡಿದ್ದ ವಿದ್ಯುನ್ಮಂಡಲವು ಅವರ ಸೂಜಿಯ ಮೊನೆಯಲ್ಲಿಯೇ ಅರ್ಥವಾಗುವುದು.