ಕೆಮ್ಮಿಗೆಲ್ಲ ಮಂಜೇ ಕಾರಣವಲ್ಲ ಮಾರಾಯ್ರೇ!

ಅತ್ತಿಗುಂಡಿಯಲ್ಲಿ ಯಾರಾದರೂ ಕೆಮ್ಮಿದರೆ ನಾವು ಮೊದಲು ಬೈಯೋದು ಮಂಜನ್ನು. ಆಮೇಲೆ ಬೀಡಿ, ಆಮೇಲೆ ಸೌದೆ ಒಲೆ. ಬಾಬಾಬುಡನ್‌ಗಿರಿ ರಸ್ತೆಯ ಏರಿನಲ್ಲಿ ಮಾಜಿ ಸೈನಿಕರೊಬ್ಬರು ಏದುಸಿರು ಬಿಡುತ್ತಾ ನಿಂತರೆ "ವಯಸ್ಸಾಯ್ತಲ್ಲ" ಅಂದು ಮುಂದೆ ಹೋಗುತ್ತೇವೆ. ಅವರು ಯಾವ ದೇಶದ ಯಾವ ಹೊಗೆಯಲ್ಲಿ ಡ್ಯೂಟಿ ಮಾಡಿ ಬಂದರು ಅಂತ ಕೇಳೋದಿಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ವಿಶ್ವಸಂಸ್ಥೆಯ ಶಾಂತಿಪಾಲನೆಗೆ ನಮ್ಮ ದೇಶದಿಂದ 2.5 ಲಕ್ಷಕ್ಕೂ ಹೆಚ್ಚು ಮಂದಿ ಹೋಗಿದ್ದಾರೆ. ಕಾಂಗೋದ ಗೋಮಾ ಊರನ್ನೇ ತಗೊಳ್ಳಿ. ಪಕ್ಕದಲ್ಲೇ ಗಂಧಕದ ಹೊಗೆ ಉಗುಳುವ ನೈರಾಗೊಂಗೊ ಜ್ವಾಲಾಮುಖಿ. 2021ರ ಮೇ 22ರಂದು ಅದು ಸಿಡಿದಾಗ ನಮ್ಮ ಪಡೆ ಅಲ್ಲೇ ಇತ್ತು.

ಗಂಧಕದ ಹೊಗೆ ಅಂದರೆ ತಮಾಷೆಯಲ್ಲ. 2003ರಲ್ಲಿ ಇರಾಕಿನ ಮೊಸುಲ್ ಹತ್ತಿರ ಗಂಧಕದ ಗಣಿಗೆ ಬೆಂಕಿ ಬಿದ್ದು ವಾರಗಟ್ಟಲೆ ಉರಿಯಿತು. ಇರಾಕ್, ಅಫ್ಘಾನಿಸ್ತಾನಗಳಿಂದ ವಾಪಸಾಗಿ ಉಸಿರಿಗೆ ಪರದಾಡುತ್ತಿದ್ದ 49 ಅಮೆರಿಕನ್ ಸೈನಿಕರ ಶ್ವಾಸಕೋಶದ ಚೂರು ತೆಗೆದು ವೈದ್ಯರು ಪರೀಕ್ಷಿಸಿದರು. 38 ಮಂದಿಗೆ ಸಣ್ಣ ಶ್ವಾಸನಾಳಗಳು ಕಿರಿದಾಗುವ ಕಾಯಿಲೆ. ಅವರಲ್ಲಿ ಅನೇಕರು ಆ ಗಂಧಕದ ಹೊಗೆ ಕುಡಿದವರು. 38 ಮಂದಿಯ ಎಕ್ಸ್‌ರೇಯೂ ನಾರ್ಮಲ್! ಈ ವರದಿ ಬಂದದ್ದು 2011ರಲ್ಲಿ. 2022ರ ಪ್ಯಾಕ್ಟ್ ಕಾನೂನು ಬಂದ ಮೇಲೆ, ಇಂಥ ಹೊಗೆಯ ನಾಡುಗಳಲ್ಲಿ ಇದ್ದು ಬಂದವರಿಗೆ ಈ ಕಾಯಿಲೆ ಸೇವೆಯಿಂದಲೇ ಬಂತು ಅಂತ ಸಾಬೀತು ಮಾಡುವ ಹೊರೆ ತಪ್ಪಿತು.

ನಮ್ಮಲ್ಲೂ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಮಾತು ಹೇಳಿದೆ: ಸೇರುವಾಗ ದಾಖಲಾಗಿರದ ಕಾಯಿಲೆಯ ಕಾರಣಕ್ಕೆ ಮನೆಗೆ ಕಳಿಸಿದರೆ, ಅದು ಸೇವೆಯಿಂದ ಬಂದದ್ದಲ್ಲ ಅಂತ ತೋರಿಸೋದು ಸರ್ಕಾರದ ಹೊಣೆ. ಸರಿ. ಆದರೆ ಪೆನ್ಶನ್ ಪಡೆದು ಊರು ಸೇರಿ ಎಷ್ಟೋ ವರ್ಷಕ್ಕೆ ದಮ್ಮು ಶುರುವಾದವರ ಗತಿ? ಅವರ ಕೈಯಲ್ಲಿ ದಾಖಲೆಯಾದರೂ ಇರಬೇಕಲ್ಲ!

ಸ್ಪೈರೋಮೆಟ್ರಿ ಅಂದರೆ ಕೊಳವೆಗೆ ಜೋರಾಗಿ ಊದೋದು, ಅಷ್ಟೇ. "ಆ 38 ಮಂದಿಯಲ್ಲಿ ಬಹುಪಾಲು ಜನರ ಈ ಪರೀಕ್ಷೆಯೂ ನಾರ್ಮಲ್ ಬಂದಿತ್ತಲ್ಲ" ಅಂತ ತಿಳಿದವರು ಕೇಳಬಹುದು. ನಿಜ. ಸೈನಿಕನ ಪುಪ್ಪುಸ ಗಟ್ಟಿ, ಸ್ವಲ್ಪ ಕುಸಿದರೂ ಸಾಮಾನ್ಯರ ಲೆಕ್ಕದಲ್ಲಿ ನಾರ್ಮಲ್ಲೇ. ಅದಕ್ಕೇ ವಿಮಾನ ಹತ್ತುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ಊದಿಸಿ, ಅವರ ಉಸಿರನ್ನು ಅವರದೇ ಹಳೆಯ ಉಸಿರಿನ ಜೊತೆ ಹೋಲಿಸಬೇಕು. ನಿವೃತ್ತಿಯ ನಂತರ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳು ಇದನ್ನು ಮುಂದುವರಿಸಲಿ. ಎಲ್ಲಿದ್ದಿರಿ, ಏನು ಹೊಗೆ ಕುಡಿದಿರಿ ಅಂತ ಕೇಳಿ ಬರೆದಿಡಲಿ.

ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸೋ ನಾವು ಇಷ್ಟನ್ನೂ ಕೇಳದಿದ್ದರೆ ಆ ಶಾಲು ಯಾಕೆ ಸ್ವಾಮಿ? ನೀವೇನಂತೀರಿ?